ಸಿಲೋನ್ ಕೈ

ಕೋತಗಿರಿ, ನೀಲಗಿರಿ
9 ನವೆಂಬರ್ 1980

ಪವುನು,

ನಿನ್ನ ಅಕ್ಕ ಸೆಂಗಮಲ ತನ್ನ ಕೈಯಿಂದಲೇ ಬರೆಯುತ್ತಿರುವ ಕಾಗದ ಇದು. ಅಕ್ಷರ ಸೊಟ್ಟಗಿದ್ದರೆ ನಗಬೇಡ. ತೋಟದ ಶಾಲೆಯಲ್ಲಿ ನಿನಗಿಂತ ಒಂದು ತರಗತಿ ಹೆಚ್ಚೇ ಓದಿದವಳು ನಾನು, ಮರೆತಿದ್ದರೆ ನೆನಪು ಮಾಡಿಕೋ.

ಹಡಗಿನಲ್ಲಿ ಮಗಳು ಅಮರಾವತಿ ದಾರಿಯುದ್ದಕ್ಕೂ ವಾಂತಿ ಮಾಡಿದಳು. ನಿಮ್ಮ ಭಾವ ಅವಳನ್ನು ಮಡಿಲಲ್ಲಿ ಹಾಕಿಕೊಂಡು, 'ಅಗೋ ಇಂಡಿಯಾ, ಅಗೋ ಇಂಡಿಯಾ' ಎಂದು ಬರೀ ನೀರನ್ನೇ ತೋರಿಸುತ್ತಿದ್ದರು. ಮಂಡಪಂ ಶಿಬಿರದಲ್ಲಿ ಹತ್ತೊಂಬತ್ತು ದಿನ ಇದ್ದೆವು. ಅಲ್ಲಿಂದ ಈ ಬೆಟ್ಟಕ್ಕೆ ಕಳಿಸಿದರು. ಒಟ್ಟು ಇಪ್ಪತ್ತಾರು ಸಂಸಾರ, ಎಲ್ಲರೂ ನಮ್ಮಂತೆ ಸಿಲೋನಿನ ಚಹಾ ತೋಟದಿಂದ ಬಂದವರೇ.

ಮನೆಯ ವಿಷಯ ಕೇಳಿದ್ದೆಯಲ್ಲ. ಹೇಳುತ್ತೇನೆ. ನಾಲ್ಕು ಮೆಟ್ಟಿಲು ಹತ್ತಿದರೆ ನೀಲಿ ಬಾಗಿಲು. ಸುಣ್ಣ ಬಳಿದ ಗೋಡೆ, ಕೆಂಪು ಹೆಂಚು. ಮುಂದೆ ಬಟಾಣಿ ಬಳ್ಳಿ ಹಬ್ಬಿದೆ. ಪಕ್ಕದಲ್ಲೇ ಚಿಲುಮೆ, ಬೇಸಿಗೆಯಲ್ಲೂ ಬತ್ತುವುದಿಲ್ಲವಂತೆ. ಹಿತ್ತಲಿಗೆ ಹೊಂದಿಕೊಂಡು ಒಂದಿಷ್ಟು ಚಹಾ ಗಿಡ. ಬೆಳಗ್ಗೆ ಹೊಗೆ ಮೇಲೇಳುವುದು ನೋಡಿದರೆ ಕಣ್ಣು ತುಂಬುತ್ತದೆ. ಅಲ್ಲಿ ಕೂಲಿ ಲೈನಿನ ಒಂದೇ ಕೋಣೆಯಲ್ಲಿ ನಾವು ಏಳು ಜನ ಕಾಲು ಮಡಚಿ ಮಲಗುತ್ತಿದ್ದೆವಲ್ಲ, ಆ ಕಥೆ ಮುಗಿಯಿತು.

ಇನ್ನೊಂದು ಮಾತು. ಸಿಲೋನಿನಲ್ಲಿ ಬೈಯುತ್ತಿದ್ದ ಹಾಗೆ ಇಲ್ಲಿ ಯಾರೂ ನಮ್ಮನ್ನು 'ಕಳ್ಳದೋಣಿಯವರು' ಎನ್ನುವುದಿಲ್ಲ. ನಿಮ್ಮ ಪಾಸ್‌ಪೋರ್ಟ್ ಬಂದ ತಕ್ಷಣ ನಿನ್ನ ಗಂಡ ಸುಪ್ಪಯ್ಯನ ಕಿವಿ ಹಿಡಿದು ಹಡಗು ಹತ್ತಿಸು.

ನಿನ್ನ ಅಕ್ಕ,
ಸೆಂಗಮಲ


ಮಯಿಲಮಲೆ ತೋಟ, ಮೇಲಿನ ಡಿವಿಷನ್, ಏಳನೇ ಲೈನು
ಬಲಾಂಗೊಡ, ಶ್ರೀಲಂಕಾ
22 ಜನವರಿ 1981

ಅಕ್ಕಾ,

ನಿನ್ನ ಕಾಗದ ತೋಟದ ಕಚೇರಿಯಲ್ಲಿ ಮೂರು ವಾರ ಬಿದ್ದಿತ್ತು. ಗುಮಾಸ್ತ ಕೊಡುವಾಗ, 'ಏನಮ್ಮ, ಇಂಡಿಯಾದಿಂದ ರಾಣಿ ಬರ್ದಿದಾಳೆ' ಎಂದ. 'ಹೌದು, ನಮ್ಮಕ್ಕ ರಾಣೀನೇ, ನೀಲಿ ಬಾಗಿಲಿನ ಮನೆ ಇದೆ' ಎಂದೆ.

ನಿನ್ನ ಕಾಗದವನ್ನು ಲೈನಿನ ಹನ್ನೆರಡೂ ಕೋಣೆಗಳಲ್ಲಿ ಓದಿಸಿದರು. ಕೊನೆಯ ಕೋಣೆಯ ಅಜ್ಜಿ ಮೆಟ್ಟಿಲು ಎಷ್ಟು ಎಂದು ಮೂರು ಸಲ ಕೇಳಿದಳು. ನನ್ನ ಮಗಳು ಕೋಕಿಲ ಅದನ್ನು ಮಡಚಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ, ಶಾಲೆಯಲ್ಲಿ ತೋರಿಸುತ್ತಾಳಂತೆ. ಆರು ವರ್ಷದವಳಿಗೆ ಓದಲು ಬರುವುದಿಲ್ಲ, ಆದರೂ ಬಾಯಿಪಾಠ.

ಎರಡು ಸರ್ಕಾರದವರು ಕೂತು, ಇಂಡಿಯಾಕ್ಕೆ ಇಷ್ಟು ಸಿಲೋನಿಗೆ ಇಷ್ಟು ಎಂದು ನಮ್ಮನ್ನು ಪಾಲು ಮಾಡಿಕೊಂಡಾಗ ನೀನು ಮೊದಲು ಹೋದೆ, ನಾನು ಇಲ್ಲೇ ಉಳಿದೆ ಎಂದು ಅತ್ತಿದ್ದೆ. ಈಗ ಅನಿಸುತ್ತದೆ, ನೀನು ಮುಂದೆ ಹೋಗಿ ನಮಗೂ ಜಾಗ ಮಾಡಿಟ್ಟಿದ್ದೀಯ ಎಂದು. ಸುಪ್ಪಯ್ಯನಿಗೆ ಇನ್ನೂ ಮನಸ್ಸಿಲ್ಲ. 'ನಾನು ಹುಟ್ಟಿದ್ದು ಈ ಬೆಟ್ಟದಲ್ಲಿ, ನಮ್ಮಪ್ಪ ಹುಟ್ಟಿದ್ದೂ ಇಲ್ಲೇ. ಇಂಡಿಯಾ ನನಗೆ ಹೆಂಗೆ ಊರಾಗುತ್ತೆ?' ಎನ್ನುತ್ತಾನೆ. ನಿನ್ನ ಮನೆಯಲ್ಲಿ ನಮಗೆ ಒಂದು ಮೂಲೆ ಸಾಕು ಎಂದು ಅವನಿಗೆ ಹೇಳಿದ್ದೇನೆ.

ಅಮರಾವತಿ ಎಷ್ಟನೇ ತರಗತಿ? ಬರೆ.

ಪವುನು


ಕೋತಗಿರಿ
14 ಜೂನ್ 1981

ಪವುನು,

ತಡವಾಯಿತು. ಕೆಲಸ ಜಾಸ್ತಿ.

ಅವಸರ ಮಾಡಬೇಡ. ಇಲ್ಲಿ ಚಳಿ ಬಹಳ. ಡಿಸೆಂಬರಿನಲ್ಲಿ ಹುಲ್ಲಿನ ಮೇಲೆ ಮಂಜು ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ಕೋಕಿಲಳಿಗೆ ಮೊದಲೇ ಎದೆಗಟ್ಟುವ ತೊಂದರೆ. ಇನ್ನೊಂದೆರಡು ವರ್ಷ ಕಳೆಯಲಿ, ಮಗಳು ಸ್ವಲ್ಪ ದೊಡ್ಡವಳಾಗಲಿ. ಸುಪ್ಪಯ್ಯ ಹೇಳುವುದರಲ್ಲೂ ಒಂದು ಅರ್ಥವಿದೆ. ನೀನು ಅವನ ಮೇಲೆ ಜೋರು ಮಾಡುವುದನ್ನು ಕಡಿಮೆ ಮಾಡು.

ಮನೆಯ ಬಗ್ಗೆ ಎಲ್ಲರಿಗೂ ಓದಿ ಹೇಳುವ ಅಗತ್ಯವಿರಲಿಲ್ಲ.

ಅಮರಾವತಿ ಚೆನ್ನಾಗಿದ್ದಾಳೆ. ನಿಮ್ಮ ಭಾವ ಕೆಲಸದ ಮೇಲೆ ದೂರ ಹೋಗಿದ್ದಾರೆ, ಅವರೂ ಚೆನ್ನಾಗಿದ್ದಾರೆ.

ಸೆಂಗಮಲ


ಮಯಿಲಮಲೆ ತೋಟ
3 ಅಕ್ಟೋಬರ್ 1981

ಅಕ್ಕನಿಗೆ,

ಕಾಗದ ಮುಟ್ಟಿತು. ಅರ್ಥವಾಯಿತು.

ಲೈನಿನ ಒಂದು ಕೋಣೆಯಿಂದ ಬಂದವಳೇ ನೀನೂ. ನೀಲಿ ಬಾಗಿಲು ಬಂದ ಮೇಲೆ ನಾವು ಬರುವುದು ಮುಜುಗರವಾದರೆ ಹಾಗೆಂದೇ ಬರೆಯಬಹುದಿತ್ತು. ಚಳಿಯ ಮೇಲೆ ಯಾಕೆ ಹಾಕುತ್ತೀಯ? ನಾವು ಮಯಿಲಮಲೆಯ ನೆತ್ತಿಯಲ್ಲಿ ಬೆಳೆದವರು. ಚಳಿ ನಮಗೆ ಹೊಸದಲ್ಲ.

ನಿನ್ನ ಮೂಲೆ ನಮಗೆ ಬೇಡ. ಆದರೆ ನಾವು ಬರುತ್ತೇವೆ. ಸುಪ್ಪಯ್ಯನೂ ಒಪ್ಪಿದ್ದಾನೆ. ಬಂದು ಎಲ್ಲಿ ಬೇಕಾದರೂ ಇರುತ್ತೇವೆ, ನಿನ್ನ ಬಾಗಿಲಿಗೆ ಬರುವುದಿಲ್ಲ.

ಕಾಗದ ಬರೆಯುವುದಾದರೆ ಲೈನಿನ ವಿಳಾಸಕ್ಕೆ ಹಾಕಬೇಡ, ಕಾರ್ಖಾನೆಯ ವಿಳಾಸಕ್ಕೆ ಹಾಕು. ಸದ್ಯಕ್ಕೆ ನಾವೆಲ್ಲ ಕಾರ್ಖಾನೆಯ ಮೇಲಟ್ಟದಲ್ಲಿ, ಎಲೆ ಬಾಡಿಸುವ ಜಾಗದಲ್ಲಿ, ಮಲಗುತ್ತಿದ್ದೇವೆ. ಲೈನಿನಲ್ಲಿ ಸ್ವಲ್ಪ ರಿಪೇರಿ ನಡೆಯುತ್ತಿದೆ.

ಪವುನಮ್ಮ


ಕೋತಗಿರಿ
6 ಡಿಸೆಂಬರ್ 1981

ಪವುನು, ನನ್ನ ತಂಗಿ,

ನಿನ್ನ ಕಾಗದ ಓದಿ ಎರಡು ದಿನ ಅನ್ನ ಸೇರಲಿಲ್ಲ. ನೀನು ಬೈದದ್ದಕ್ಕಲ್ಲ. ಪವುನಮ್ಮ ಎಂದು ಪೂರ್ತಿ ಹೆಸರು ಬರೆದು ಮುಗಿಸಿದ್ದೆಯಲ್ಲ, ಅದಕ್ಕೆ.

ನೀಲಿ ಬಾಗಿಲಿನ ಮನೆ ಇದೆ, ಅದು ಸುಳ್ಳಲ್ಲ. ಅದು ನನ್ನದಲ್ಲ. ನಾವಿರುವುದು ಅದರ ಎದುರಿನ ಇಳಿಜಾರಿನಲ್ಲಿ, ತಗಡು ಮತ್ತು ತಾರ್ಪಾಲಿನ ಗುಡಿಸಲುಗಳಲ್ಲಿ. ನಾನು ಬಾಗಿಲಲ್ಲಿ ಕೂತು ಆ ಮನೆಯನ್ನು ನೋಡಿ ನೋಡಿ ನಿನಗೆ ಬರೆದೆ. ಸರ್ಕಾರದವರು ಕೊಡುತ್ತೇವೆ ಎಂದ ಮನೆ ಸಿಗಲಿಲ್ಲ. ಮರ ಕಡಿಸುವ ಒಬ್ಬ ಗುತ್ತಿಗೆದಾರ ಬಂದು ಗಂಡಸರನ್ನು ಕೊಡೈಕಾನಲ್ ಕಡೆಯ ಕಾಡಿಗೆ ಕರೆದುಕೊಂಡು ಹೋದ. ನಿಮ್ಮ ಭಾವ ಹೋಗಿ ಎಂಟು ತಿಂಗಳಾಯಿತು. ಒಂದೇ ಸಲ ಬಂದು ಹೋದರು. ಅಮರಾವತಿ ಎಷ್ಟನೇ ತರಗತಿ ಎಂದು ನೀನು ಕೇಳಿದ್ದೆ. ನಾನು ಉತ್ತರ ಬರೆಯಲಿಲ್ಲ, ಯಾಕೆಂದರೆ ಅವಳು ಶಾಲೆಗೇ ಹೋಗುತ್ತಿರಲಿಲ್ಲ. ಇಲ್ಲಿ 'ಕಳ್ಳದೋಣಿ' ಎನ್ನುವುದಿಲ್ಲ, ಅದೂ ನಿಜ. 'ಸಿಲೋನ್' ಎನ್ನುತ್ತಾರೆ. ಅಲ್ಲಿ ಇಂಡಿಯಾದವರು, ಇಲ್ಲಿ ಸಿಲೋನಿನವರು. ಅಂಗಡಿಯವನು ನನ್ನ ಹೆಸರನ್ನು ಒಂದು ಸಲವೂ ಕೇಳಲಿಲ್ಲ. 'ಏ ಸಿಲೋನ್, ಆ ಕಡೆ ನಿಂತ್ಕೋ.'

ಇಷ್ಟು ಬರೆದು ನಿಲ್ಲಿಸಿದರೆ ನೀನು ಅಳುತ್ತೀಯ. ಮುಂದಿನದನ್ನು ಓದು. ಇದನ್ನು ಲೈನಿನ ಹನ್ನೆರಡೂ ಕೋಣೆಯಲ್ಲಿ ಓದಿಸು, ನನ್ನ ಅಪ್ಪಣೆ.

ಆ ನೀಲಿ ಬಾಗಿಲಿನ ಒಡತಿ ಮಾದಿ ಎಂಬ ಮುದುಕಿ. ಬಡಗರವಳು, ಈ ಬೆಟ್ಟದ ಮೂಲದವಳು. ಇಲ್ಲಿ ಅಜ್ಜಿಯನ್ನು ಹೆತ್ತೆ ಎನ್ನುತ್ತಾರೆ. ಗಂಡ ತೀರಿಕೊಂಡಿದ್ದಾನೆ, ಮಗ ಕೂನೂರಿನಲ್ಲಿ ಕೆಲಸದಲ್ಲಿದ್ದಾನೆ. ನಾವು ಬಂದ ಮೊದಲ ವಾರವೇ ಚಿಲುಮೆಯ ಹತ್ತಿರ ಅವಳಿಗೂ ನನಗೂ ಜಗಳವಾಗಿತ್ತು.

'ಕೊಡ ಮುಳುಗಿಸ್ಬೇಡ, ನೀರು ಕದಡುತ್ತೆ. ನಿಮ್ಮ ಸಿಲೋನಲ್ಲಿ ಹಂಗೇನಾ?'

'ನಮ್ಮ ಸಿಲೋನಲ್ಲಿ ನೀರಿಗೆ ಕಾವಲು ಕೂರೋದಿಲ್ಲ ಹೆತ್ತೆ.'

ಅಂದಿನಿಂದ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ನಾನೂ ಹಾಗೆಯೇ.

ಈ ಅಕ್ಟೋಬರಿನಲ್ಲಿ ಅವಳು ಅದೇ ಚಿಲುಮೆಯ ಕಲ್ಲಿನ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಮಳೆ ಬಿಟ್ಟು ಬಿಸಿಲು ಬಿದ್ದು ಚಹಾ ಒಂದೇ ಸಮನೆ ಚಿಗುರಿದ ಹೊತ್ತು ಅದು. ಎಲ್ಲರೂ ಅವರವರ ತೋಟದಲ್ಲಿ ಮುಳುಗಿದ್ದರು, ಇವಳ ಗಿಡಕ್ಕೆ ಆಳಿರಲಿಲ್ಲ. ನಾನು ಗುಡಿಸಲಿನ ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಎರಡೆಲೆ ಒಂದು ಕುಡಿ, ಎರಡೆಲೆ ಒಂದು ಕುಡಿ, ಇಡೀ ಇಳಿಜಾರು ಎಳೆ ಹಸಿರು. ಇನ್ನು ನಾಲ್ಕು ದಿನ ಬಿಟ್ಟರೆ ಬಲಿತು ಒರಟಾಗುತ್ತದೆ, ಆಮೇಲೆ ಯಾರಿಗೂ ಬೇಡ. ಪವುನು, ನಿನಗೆ ಗೊತ್ತು ಆ ಸಂಕಟ. ಆ ಮುದುಕಿಯ ಮೇಲೆ ನನಗೆ ಮರುಕ ಬಂದಿತು ಎಂದು ಹೇಳಿಕೊಳ್ಳಲಾರೆ. ಆ ಚಿಗುರನ್ನು ನೋಡಿ ನನ್ನ ಬೆರಳು ತಡೆಯಲಿಲ್ಲ.

ನಮ್ಮ ಹೆಂಗಸರಿಗೆ ಹೇಳಿದೆ. ಮೊದಲು ಬೈದರು. 'ನೀರು ಕೊಡೋಕೆ ಮುಖ ಗಂಟು ಹಾಕ್ಕೊಳ್ಳೋಳಿಗೆ ನಾವ್ಯಾಕೆ ಕೀಳ್ಬೇಕು?' ನಾನೆಂದೆ, 'ಅವಳಿಗೆ ಬೇಡ, ಗಿಡಕ್ಕೆ ಕೀಳೋಣ. ವರ್ಷವಾಯ್ತು ಚಹಾ ಮುಟ್ಟಿ. ನಿಮ್ಮ ಕೈಗೆ ಇನ್ನೂ ನೆನಪಿದೆಯೋ ಇಲ್ಲವೋ ನೋಡೋಣ.' ಹನ್ನೊಂದು ಜನ ಎದ್ದು ನಿಂತರು.

ಬೆಳಕು ಹರಿಯುವ ಹೊತ್ತಿಗೆ ಸಾಲು ಹಿಡಿದೆವು. ಬುಟ್ಟಿ ಇಲ್ಲ, ಹಳೇ ಸೀರೆಯನ್ನು ಬೆನ್ನಿಗೆ ಕಟ್ಟಿಕೊಂಡಿದ್ದೆವು. ಮೊದಲ ಹತ್ತು ಗಿಡಕ್ಕೆ ಬೆರಳು ಮರಗಟ್ಟಿದ ಹಾಗಿತ್ತು. ಆಮೇಲೆ, ಅಮ್ಮ ಬೆನ್ನ ಹಿಂದೆ ನಿಂತು 'ಕಾಂಡ ಬಿಡು, ಕುಡಿ ಹಿಡಿ' ಎನ್ನುತ್ತಿದ್ದಳಲ್ಲ, ಆ ದನಿಯೇ ಕೇಳಿದಂತಾಯಿತು. ಎರಡು ಕೈಯೂ ತಾವಾಗಿಯೇ ಓಡಿದವು. ಯಾರೋ ಒಬ್ಬಳು ಹಾಡು ತೆಗೆದಳು. ಹಾಡು ಕೇಳಿ ಮುದುಕಿ ಎದ್ದು ಬಂದಳು, ಎಡಗೈಯಲ್ಲಿ ದೊಣ್ಣೆ.

'ಕಳ್ಳಿಯರಾ! ಕೈ ಮುರ್ಕೊಂಡಿದಾಳೆ ಅಂತ ತೋಟಕ್ಕೇ ನುಗ್ಗಿದ್ರಾ?'

ಅವಳ ಮೆಟ್ಟಿಲಿನ ಮೇಲೆ ಆಗಲೇ ತುಂಬಿಟ್ಟಿದ್ದ ನಾಲ್ಕು ಗಂಟು ತೋರಿಸಿದೆ. ಅವಳು ದೊಣ್ಣೆ ಕೆಳಗಿಟ್ಟು, ಬಗ್ಗಿ, ಗಂಟು ಬಿಚ್ಚಿ, ಒಳಗೆ ಕೈ ಹಾಕಿದಳು. ಒಂದು ಬಲಿತ ಎಲೆ ಇಲ್ಲ, ಒಂದು ಕಡ್ಡಿ ಇಲ್ಲ. ತುಂಬಾ ಹೊತ್ತು ಕೈ ಒಳಗೇ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಒಳಗೆ ಹೋಗಿ ಹನ್ನೆರಡು ಲೋಟ ಚಹಾ ಕಾಯಿಸಿ ತಂದಳು, ಒಂದೇ ಕೈಯಲ್ಲಿ, ಎರಡೆರಡಾಗಿ, ಆರು ಸಲ ಮೆಟ್ಟಿಲು ಹತ್ತಿ ಇಳಿದು. ಮನೆಯವರು ಕುಡಿಯುವ ಹಿತ್ತಾಳೆ ಲೋಟ, ಪವುನು. ಅಂಗಡಿಯವನು ನಮಗೆ ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾನೆ. ಲೋಟವನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ರೇಗಿದಳು. 'ಕುಡೀರಿ, ಆರ್ಹೋಗುತ್ತೆ. ಸಿಲೋನಲ್ಲಿ ಚಹಾ ಕುಡಿಯೋದು ಕಲಿಸ್ಲಿಲ್ವಾ?'

ಅವಳು ನಗುವುದನ್ನು ಅಂದೇ ಮೊದಲು ನೋಡಿದ್ದು. ಮುಂದೆ ಒಂದೇ ಹಲ್ಲು.

ಹಸಿ ಎಲೆ ಕೊಳ್ಳುವ ಕಾರ್ಖಾನೆಗೆ ಅವಳ ಜೊತೆ ನಾನೇ ಹೊತ್ತುಕೊಂಡು ಹೋದೆ. ತೂಕ ಹಾಕುವವನು ಯಾರ ಎಲೆಯನ್ನೂ ಹೊಗಳಿದವನಲ್ಲವಂತೆ. ಗಂಟಿಗೆ ಕೈ ಹಾಕಿ ತೆಗೆದು ಮೂಸಿ, 'ಹೆತ್ತೆ, ಇದು ನಿನ್ನ ಆಳುಗಳು ಕಿತ್ತಿದ್ದಲ್ಲ. ಯಾರದ್ದು ಈ ಕೈ?' ಎಂದ.

'ನಮ್ಮ ಸಿಲೋನ್ ಹೆಂಗಸರದ್ದು' ಎಂದಳು.

ನಮ್ಮ ಎಂದಳು, ಪವುನು. ಅದೇ ಸಿಲೋನ್ ಎಂಬ ಮಾತು. ಆದರೆ ಅವತ್ತು ನಾನು ಅಂಗಡಿಯ ಮುಂದೆ ತಲೆ ಎತ್ತಿ ನಡೆದು ಬಂದೆ.

ಇನ್ನು ಶಾಲೆ. ನಮ್ಮಲ್ಲಿ ಹದಿನೇಳು ಮಕ್ಕಳು. ಮೂರು ಸಲ ಹೋಗಿದ್ದೆ. ಮೇಷ್ಟ್ರು ಕೆಟ್ಟವರಲ್ಲ, ಆದರೆ ಮನೆ ನಂಬರ್ ಇಲ್ಲದ ಮಗುವನ್ನು ಬರೆದುಕೊಳ್ಳಲು ಅವರ ಪುಸ್ತಕದಲ್ಲಿ ಜಾಗವಿರಲಿಲ್ಲ. ಇದನ್ನು ಕೇಳಿ ಹೆತ್ತೆ, ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಹದಿನೇಳು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಶಾಲೆಗೆ ಹೋದಳು.

'ಬರ್ಕೊಳ್ಳಪ್ಪ. ಮನೆ ನಂಬರ್ ನಲವತ್ತಮೂರು.'

'ಹದಿನೇಳು ಮಕ್ಕಳೂ ಒಂದೇ ಮನೇಲಾ ಹೆತ್ತೆ?'

'ನಮ್ಮನೆ ದೊಡ್ಡದು. ನೀನು ಒಳಗೆ ಬಂದು ನೋಡಿದ್ದೀಯಾ?'

ಮೇಷ್ಟ್ರು ಅವಳನ್ನು ನೋಡಿದರು, ಮಕ್ಕಳನ್ನು ನೋಡಿದರು, ಪೆನ್ನು ತೆಗೆದರು. ಅಮರಾವತಿ ಈಗ ಮೂರನೇ ತರಗತಿ. ನೀನು ಕೇಳಿದ್ದಕ್ಕೆ ಉತ್ತರ ಇದು. ತಡವಾಯಿತು, ಆದರೆ ಸುಳ್ಳಲ್ಲ.

ಈಗ ನೀನು ಹೇಳು. ಲೈನಿಗೆ ರಿಪೇರಿ ಎಂದೆಯಲ್ಲ. ಹನ್ನೆರಡೂ ಕೋಣೆಗೆ ಒಟ್ಟಿಗೆ ರಿಪೇರಿ ಮಾಡಿಸುವ ತೋಟದ ದೊರೆ ಯಾವಾಗ ಬಂದ? ಎಲೆ ಬಾಡಿಸುವ ಅಟ್ಟದಲ್ಲಿ ಜನರನ್ನು ಮಲಗಿಸುವವರು ಯಾರು? ನಾನು ಸುಳ್ಳು ಬರೆದವಳು, ಬೇರೆಯವರು ಸುಳ್ಳು ಬರೆದರೆ ನನಗೆ ಗೊತ್ತಾಗುತ್ತದೆ.

ನಿನ್ನ ಅಕ್ಕ


ಮಯಿಲಮಲೆ ಕಾರ್ಖಾನೆ, ಬಲಾಂಗೊಡ
18 ಫೆಬ್ರವರಿ 1982

ಅಕ್ಕಾ,

ಆಗಸ್ಟಿನಲ್ಲಿ ತಮಿಳರ ಮನೆ ಸುಡುವವರು ಲಾರಿಯಲ್ಲಿ ಬಂದರು. ಯಾರು, ಎಲ್ಲಿಯವರು ಎಂದು ಗುರುತಿಲ್ಲ. ನಾವೆಲ್ಲ ಬೆಟ್ಟದ ಮೇಲೆ ಎಲೆ ಕೀಳುತ್ತಿದ್ದೆವು. ಹೊಗೆ ನೋಡಿ ಓಡಿ ಬರುವಷ್ಟರಲ್ಲಿ ಏಳನೇ ಲೈನು ಇರಲಿಲ್ಲ. ಮಕ್ಕಳನ್ನು ಶಾಲೆಯ ಮೇಷ್ಟ್ರು ಮೊದಲೇ ಪೊದೆಗಳ ನಡುವೆ ಅಡಗಿಸಿದ್ದರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಇದನ್ನು ನಿನಗೆ ಹೇಗೆ ಬರೆಯಲಿ? ನೀನು ನೀಲಿ ಬಾಗಿಲಿನ ಮನೆಯಲ್ಲಿ ಸುಖವಾಗಿದ್ದೀಯ, ಆ ಸುಖವನ್ನು ಯಾಕೆ ಕೆಡಿಸಲಿ ಎಂದುಕೊಂಡೆ. ಎಲ್ಲ ಸುಟ್ಟರೂ ನಿನ್ನ ಮೊದಲ ಕಾಗದ ಉಳಿಯಿತು, ಅದು ಕೋಕಿಲಳ ಪುಸ್ತಕದಲ್ಲಿತ್ತು. ಆ ಅಟ್ಟದಲ್ಲಿ ಮಲಗಿ ಅವಳು ದಿನಾ ನಿನ್ನ ಮನೆಯ ಮೆಟ್ಟಿಲು ಎಣಿಸುತ್ತಿದ್ದಳು. ಆಗಲೇ ನಿನ್ನ 'ಅವಸರ ಬೇಡ' ಎಂಬ ಕಾಗದವೂ ಬಂತು. ನನಗೆ ಎಷ್ಟು ಉರಿದಿರಬೇಡ?

ಅಕ್ಕಾ, ನಿನಗೆ ಒಬ್ಬ ಮಾದಿ ಹೆತ್ತೆ ಇದ್ದಾಳೆ ಎಂದು ಜಂಬ ಪಡಬೇಡ. ನನಗೂ ಒಬ್ಬಳಿದ್ದಾಳೆ. ಕೆಳಗಿನ ಹಳ್ಳಿಯ ಪೊಡಿ ಮೆಣಿಕೆ. ಸಿಂಹಳದವಳು. ಬೆಂಕಿ ಬಿದ್ದ ನಾಲ್ಕನೇ ದಿನ ಒಬ್ಬಳೇ ಬೆಟ್ಟ ಹತ್ತಿ ಬಂದಳು. ತಲೆಯ ಮೇಲೆ ಹಲಸಿನಕಾಯಿ ಪಲ್ಯದ ಮಡಕೆ. ನಮ್ಮ ಗಂಡಸರು ಅವಳನ್ನು ಅನುಮಾನದಿಂದ ಸುತ್ತುವರಿದು ನಿಂತರು. ಅವಳು ಮಡಕೆ ಇಳಿಸಿದಳು, ಸೊಂಟದಿಂದ ಒಂದು ಬಾಚಣಿಗೆ ತೆಗೆದಳು. ಕೋಕಿಲಳನ್ನು ಎಳೆದು ಮುಂದೆ ಕೂರಿಸಿಕೊಂಡು ತಲೆ ಬಾಚತೊಡಗಿದಳು. ಅನ್ನ ಹೇಗೋ ಸಿಗುತ್ತಿತ್ತು. ನಾಲ್ಕು ದಿನದಿಂದ ನಮ್ಮ ಮಕ್ಕಳ ತಲೆ ಬಾಚಿರಲಿಲ್ಲ ಎಂಬುದು ತಾಯಂದಿರಾದ ನಮಗೇ ಹೊಳೆದಿರಲಿಲ್ಲ. ಎಲ್ಲ ಹುಡುಗಿಯರಿಗೂ ಜಡೆ ಹಾಕಿ ಎದ್ದಳು. ಹೋಗುವಾಗ ನನ್ನ ಗಲ್ಲ ಮುಟ್ಟಿ ಹರಕು ತಮಿಳಿನಲ್ಲಿ ಹೇಳಿದಳು, 'ನಾಚಿಕೆ ಆಗ್ತಿದೆ ನಂಗಿ. ನಿನಗಲ್ಲ, ನನಗೆ.' ಅವರ ಮಾತಿನಲ್ಲಿ ನಂಗಿ ಎಂದರೆ ತಂಗಿ.

ಆಮೇಲೆ ವಾರಕ್ಕೆರಡು ಸಲ ಬಂದಳು. ಅವಳ ಹಳ್ಳಿಯವರು ಬೈದರೂ ಬಂದಳು. ನಮ್ಮ ಹೆಂಗಸರೂ ಸುಮ್ಮನೆ ಕೂತಿರಲಿಲ್ಲ. ಕಲ್ಲು ಹೊತ್ತು ಆರು ಕೋಣೆ ನಾವೇ ಎಬ್ಬಿಸಿದೆವು. ತೋಟದವರು ತಗಡು ಕೊಟ್ಟರು, ಗೋಡೆ ನಮ್ಮದೇ.

ನಿನ್ನ ಕಾಗದ ಅಲ್ಲಿ ಓದಿಸಿದೆ, ನಿನ್ನ ಅಪ್ಪಣೆಯಂತೆ. ಹನ್ನೆರಡು ಲೋಟದ ಭಾಗ ಬಂದಾಗ ಎಲ್ಲರೂ ಅತ್ತರು. ಮನೆ ನಂಬರ್ ನಲವತ್ತಮೂರರ ಭಾಗ ಬಂದಾಗ ಸುಪ್ಪಯ್ಯ ತೊಡೆ ತಟ್ಟಿಕೊಂಡು ನಕ್ಕ. ಆಗಸ್ಟಿನಿಂದ ಅವನು ನಕ್ಕಿರಲಿಲ್ಲ. ಕೊನೆಯ ಕೋಣೆಯ ಅಜ್ಜಿ ಮಾತ್ರ, 'ಸುಳ್ಳಿ! ಮೆಟ್ಟಿಲು ಎಣಿಸಿದ್ದಾದ್ರೂ ನಿಜಾನಾ?' ಎಂದಳು.

ನಾವು ಬರುತ್ತೇವೆ. ಏಪ್ರಿಲ್ ಕೊನೆಯ ಹಡಗು. ನಿನಗೆ ಮನೆಯಿಲ್ಲ ಎಂದು ಗೊತ್ತಿದ್ದೂ ಯಾಕೆ ಬರುತ್ತೀಯ ಎಂದು ಕೇಳಬೇಡ. ಆ ಮನೆಗೆ ಬರಲು ನನಗೆ ಒಳಗೊಳಗೇ ಹೆದರಿಕೆಯಿತ್ತು. ಅಷ್ಟು ಚೊಕ್ಕ ಮನೆಯಲ್ಲಿ ನಾನು ಎಲ್ಲಿ ಕಾಲಿಡಲಿ? ಈಗ ಆ ಹೆದರಿಕೆಯಿಲ್ಲ. ನೀವು ಹನ್ನೆರಡು ಜನ ಸಾಲು ಹಿಡಿದಿದ್ದೀರಿ. ಹದಿಮೂರನೆಯವಳಾಗಿ ನಿಲ್ಲುವುದು ನನಗೆ ಬರುತ್ತದೆ. ನಿನಗಿಂತ ವೇಗವಾಗಿಯೇ ಬರುತ್ತದೆ, ಅದು ನಿನಗೂ ಗೊತ್ತು.

ಪೊಡಿ ಮೆಣಿಕೆ ಹೋಗಬೇಡ ಎಂದು ಒಂದು ಸಲ ಹೇಳಿದಳು, ಎರಡನೇ ಸಲ ಹೇಳಲಿಲ್ಲ. ಬಾಚಣಿಗೆ ಕೊಟ್ಟಿದ್ದಾಳೆ. ನಾನು ನನ್ನ ಎಲೆ ಬುಟ್ಟಿ ಅವಳಿಗೆ ಕೊಟ್ಟೆ. ನನ್ನ ಬಳಿ ಕೊಡಲು ಅದಕ್ಕಿಂತ ಒಳ್ಳೆಯದು ಇರಲಿಲ್ಲ.

ನಿನ್ನ ಪವುನು


ಕೋತಗಿರಿ
2 ಮೇ 1982
(ಮಂಡಪಂ ಶಿಬಿರದ ವಿಳಾಸಕ್ಕೆ)

ಪವುನು,

ನೀವು ದಡ ಸೇರಿದ್ದೀರಿ ಎಂದು ಶಿಬಿರದಿಂದ ಬಂದ ಒಬ್ಬರು ಹೇಳಿದರು. ಅಲ್ಲಿಯ ಅನ್ನದಲ್ಲಿ ಕಲ್ಲಿರುತ್ತದೆ, ಕೋಕಿಲಳಿಗೆ ನೋಡಿ ಉಣಿಸು.

ನಿಮ್ಮ ಭಾವ ಮಾರ್ಚಿನಲ್ಲಿ ಬಂದುಬಿಟ್ಟರು. ಕೆಮ್ಮು ಇದೆ, ತೆಳ್ಳಗಾಗಿದ್ದಾರೆ. ಗುತ್ತಿಗೆದಾರ ಕರೆಯಲು ಬಂದಿದ್ದ. ನಾವು ಹನ್ನೆರಡು ಜನ ಹೆಂಗಸರು ದಾರಿಗೆ ಅಡ್ಡ ನಿಂತೆವು. ಹೆತ್ತೆಯೂ ನಮ್ಮ ಮುಂದೆ ಬಂದು ನಿಂತಳು. 'ನಮ್ಮೂರ ಜನಾನ ಎಲ್ಲಿಗೆ ಕರ್ಕೊಂಡು ಹೋಗ್ತೀಯಪ್ಪ?' ಎಂದು ಕೇಳಿದಳು. ಅವನು ಸ್ವಲ್ಪ ಹೊತ್ತು ಕೂಗಾಡಿ ಹೊರಟುಹೋದ.

ಈಗ ಸುತ್ತಲಿನ ಐದು ಹಟ್ಟಿಯವರು ನಮ್ಮನ್ನು ಎಲೆ ಕೀಳಲು ಕರೆಯುತ್ತಾರೆ. ಒಂದೇ ಕಟ್ಟಳೆ ಮಾಡಿದ್ದೇವೆ. ಚಹಾ ಕೊಟ್ಟರೆ ಮನೆಯವರು ಕುಡಿಯುವ ಲೋಟದಲ್ಲೇ ಕೊಡಬೇಕು. ಚಿಪ್ಪು ತಂದರೆ ಸಾಲಿನಿಂದ ಎದ್ದು ಬರುತ್ತೇವೆ. ಒಂದು ಮನೆಯಲ್ಲಿ ಎದ್ದು ಬಂದೆವು. ಮಾರನೆಯ ದಿನ ಆ ಮನೆಯೊಡತಿಯೇ ಲೋಟ ತೊಳೆದುಕೊಂಡು ಕರೆಯಲು ಬಂದಳು. ಆ ದಿನ ನೀನು ಇಲ್ಲಿರಬೇಕಿತ್ತು.

ನಿಮಗೆ ಗುಡಿಸಲು ಎದ್ದಿದೆ. ಹೆತ್ತೆ ತನ್ನ ಹಳೇ ಕೊಟ್ಟಿಗೆಯ ಕಲ್ಲು ಕೊಟ್ಟಳು, ಹಾಗಾಗಿ ಮೂರು ಗೋಡೆ ಕಲ್ಲಿನವು. ನಾಲ್ಕನೆಯದು ತಗಡು, ಗಾಳಿಗೆ ಬಡಿದುಕೊಳ್ಳುತ್ತದೆ. ಮೆಟ್ಟಿಲಿಲ್ಲ. ಬಾಗಿಲಿಗೆ ಬಣ್ಣವಿಲ್ಲ. ನೀರಿಗೆ ಚಿಲುಮೆಗೇ ಹೋಗಬೇಕು. ಚಳಿ ಇದೆ, ನಿಜವಾಗಿಯೂ ಇದೆ. ಈ ಸಲ ಒಂದನ್ನೂ ಮುಚ್ಚಿಟ್ಟಿಲ್ಲ.

ಮೆಟ್ಟುಪಾಳ್ಯದ ತನಕ ರೈಲು. ಅಲ್ಲಿಂದ ಕೋತಗಿರಿ ಬಸ್ಸು. ತಿರುವು ಬಹಳ, ಕೋಕಿಲಳಿಗೆ ನಿಂಬೆಹಣ್ಣು ಕೊಡು. ನಾನು ಯಾವ ಬಸ್ಸಿಗೆ ಕಾಯಬೇಕೆಂದು ತಿಳಿಯದು, ಆದ್ದರಿಂದ ಗಮನವಿಟ್ಟು ಕೇಳು.

ಬಸ್ಸಿಳಿದ ಮೇಲೆ ನಿನ್ನ ಗಂಟು ನೋಡಿ, ನಿನ್ನ ಮಾತು ಕೇಳಿ, ಯಾರಾದರೂ 'ಸಿಲೋನಾ?' ಎಂದು ಕೇಳುತ್ತಾರೆ. ಮೊದಲ ವರ್ಷ ನಾನು ಸೆರಗು ಎಳೆದುಕೊಂಡು, ಇಲ್ಲ, ಮಧುರೆ ಕಡೆಯವಳು ಎನ್ನುತ್ತಿದ್ದೆ. ನೀನು ಹಾಗೆ ಹೇಳಬೇಡ. ಹೌದು ಅನ್ನು. ಸಂತೆಯವರಿಗೆಲ್ಲ ಕೇಳುವ ಹಾಗೆ ಅನ್ನು. ಆಮೇಲೆ ಅಲ್ಲೇ ನಿಂತಿರು. ಯಾರಾದರೂ ಬಂದು ನಿನ್ನ ಗಂಟು ಎತ್ತಿಕೊಳ್ಳುತ್ತಾರೆ.

ನಿನ್ನ ಅಕ್ಕ,
ಸೆಂಗಮಲ